ಪ್ರಾತರಭಿವಾದವೂ ಕುಶಲಪ್ರಶ್ನವೂ: ಬೀದರ ಸೀಮೆಯ ಮುಂಜಾವಿನ ಸಂದೇಶಗಳ ಪೂರ್ವೇತಿಹಾಸ

ಬೀದರ ಪಟ್ಟಣದಲ್ಲಿಯೂ ಭಾಲ್ಕಿ ಮತ್ತು ಔರಾದ ಸೀಮೆಗಳ ಗ್ರಾಮಗಳಲ್ಲಿಯೂ ಕೆಲವು ವರ್ಷಗಳಿಂದೀಚೆಗೆ ಒಂದು ಹೊಸ ಆಚಾರವು ಬೇರೂರಿರುವುದನ್ನು ವಾಚಕರು ಬಲ್ಲರು. ಸೂರ್ಯೋದಯಕ್ಕೆ ಮೊದಲೇ ಎದ್ದು ಜನರು ತಮ್ಮ ಮೊಬೈಲನ್ನು ಕೈಗೆತ್ತಿಕೊಂಡು ಬಂಧುಮಿತ್ರರಿಗೆಲ್ಲ ಒಂದೊಂದು ಶುಭಸಂದೇಶವನ್ನು ಕಳುಹಿಸುವರು. ಉದಯಿಸುತ್ತಿರುವ ಸೂರ್ಯನು, ಅರಳಿದ ಗುಲಾಬಿಯು, ಹೊಗೆಯಾಡುವ ಚಹದ ಕಪ್ಪು, ಬಸವಣ್ಣನವರ ಭಾವಚಿತ್ರ, ಔರಾದಿನ ಅಮರೇಶ್ವರನ ಚಿತ್ರ, ಇವುಗಳ ಕೆಳಗೆ ಎರಡು ಸಾಲು ಹಿತವಚನ. ಕನ್ನಡದವರು ‘ಶುಭೋದಯ’ವೆನ್ನುವರು, ಮರಾಠಿಯವರು ‘ಶುಭ ಸಕಾಳ’ವೆನ್ನುವರು, ಉರ್ದುವಿನವರು ‘ಸುಬಹ್ ಬಖೈರ್’ ಎನ್ನುವರು, ತೆಲುಗಿನವರು ‘ಶುಭೋದಯಂ’ ಎನ್ನುವರು. ನಾಲ್ಕು ಭಾಷೆಗಳು ಕೂಡುವ ಈ ಸೀಮೆಯಲ್ಲಿ ಒಬ್ಬನೇ ಗೃಹಸ್ಥನಿಗೆ ಒಂದೇ ಬೆಳಗಿನಲ್ಲಿ ನಾಲ್ಕರಲ್ಲಿಯೂ ಶುಭವು ಬಂದು ಸೇರುವುದುಂಟು.

ವಿದ್ವಾಂಸರಾದವರು ಇದನ್ನು ನಿರರ್ಥಕ ಕಾಲಹರಣವೆಂದು ನಗುವುದನ್ನು ಕೇಳಿದ್ದೇವೆ. ಹೀಗೆ ನಗುವುದಕ್ಕೆ ಮುಂಚೆ ಎರಡು ವಿಷಯಗಳನ್ನು ವಿಚಾರಿಸಬೇಕಾಗಿದೆ. ಬೆಳಿಗ್ಗೆ ಎದ್ದು ಇತರರ ಶುಭವನ್ನು ಹಾರೈಸುವ ಪದ್ಧತಿಗೆ ನಮ್ಮಲ್ಲಿ ಪೂರ್ವಾಧಾರವೇನಾದರೂ ಉಂಟೆ ಎಂಬುದು ಒಂದು. ಇದ್ದರೆ, ಆ ಪೂರ್ವಾಚಾರದ ಯಾವ ಅಂಗವು ಇಂದು ಉಳಿದಿದೆ, ಯಾವುದು ಲುಪ್ತವಾಗಿದೆ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಅದಕ್ಕೆ ಬರುವ ಉತ್ತರವು ಕೇವಲ ಶಿಷ್ಟಾಚಾರಕ್ಕೆ ಸಂಬಂಧಿಸಿದುದಲ್ಲವೆಂಬುದು ಲೇಖನದ ಕೊನೆಯ ಭಾಗದಲ್ಲಿ ತಿಳಿಯುವುದು.

‘ಶುಭೋದಯ’ವೆಂಬ ಶಬ್ದವು ಇಂಗ್ಲಿಷರ ಪದ್ಧತಿಯನ್ನು ನೋಡಿ ಈಚೆಗೆ ರಚಿಸಿಕೊಂಡದ್ದೆಂಬುದು ಸ್ಪಷ್ಟವೇ. ‘ಸುಪ್ರಭಾತ’ವು ಪ್ರಾಚೀನವಾದರೂ ಅದರ ವಿನಿಯೋಗವು ಬೇರೆ. ಸೂತಮಾಗಧರೂ ವೈತಾಲಿಕರೂ ನಿದ್ರಿಸುವ ರಾಜನನ್ನು ಸ್ತುತಿಪದ್ಯಗಳಿಂದ ಎಬ್ಬಿಸುತ್ತಿದ್ದರು. ರಘುವಂಶದ ಐದನೆಯ ಸರ್ಗದಲ್ಲಿ ಅಜನನ್ನು ಹೀಗೆ ಎಬ್ಬಿಸುವ ಪ್ರಸಂಗವು ಸುಪ್ರಸಿದ್ಧವಾದುದು. ರಾಜನಿಗಿದ್ದ ಈ ಉಪಚಾರವನ್ನೇ ದೇವರಿಗೂ ಸಲ್ಲಿಸಿದ್ದರಿಂದ ದೇವಾಲಯಗಳ ಸುಪ್ರಭಾತಗಳು ಹುಟ್ಟಿದವು. ೧೫ನೆಯ ಶತಮಾನದ ಪ್ರತಿವಾದಿಭಯಂಕರಂ ಅಣ್ಣನವರ ವೇಂಕಟೇಶ ಸುಪ್ರಭಾತವು ಅವುಗಳಲ್ಲಿ ಅಗ್ರಗಣ್ಯ. ೧೯೬೩ರಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠದ ಧ್ವನಿಮುದ್ರಿಕೆಯು ಬಂದ ಮೇಲೆ ಅದು ದಕ್ಷಿಣದೇಶದ ಮನೆಮನೆಯನ್ನೂ ಹೊಕ್ಕಿತು. ಆದರೆ ಇವೆಲ್ಲವೂ ಒಬ್ಬ ಮಹಾಪುರುಷನನ್ನು ಎಬ್ಬಿಸುವ ಉಪಚಾರಗಳು. ನೆರೆಯವನು ನೆರೆಯವನಿಗೆ ಬೆಳಿಗ್ಗೆ ಮಾಡುವ ವಂದನೆಯ ಮೂಲವನ್ನು ಅವುಗಳಲ್ಲಿ ಹುಡುಕಬಾರದು.

ಆ ಮೂಲವು ಧರ್ಮಸೂತ್ರಗಳಲ್ಲಿದೆ. ಆಪಸ್ತಂಬರು ಬ್ರಹ್ಮಚಾರಿಯ ನಿಯಮಗಳನ್ನು ಹೇಳುವಾಗ, ರಾತ್ರಿಯ ಕಡೆಯ ಜಾವದಲ್ಲಿ ಎದ್ದು, ನಿಂತುಕೊಂಡು, ತನ್ನ ಹೆಸರನ್ನು ಹೇಳಿ ಗುರುವಿಗೆ ಪ್ರತಿದಿನವೂ ವಂದಿಸಬೇಕೆಂದು ವಿಧಿಸಿದ್ದಾರೆ. ಈ ವಂದನೆಗೆ ಅವರು ಕೊಟ್ಟ ಹೆಸರು ‘ಪ್ರಾತರಭಿವಾದ’. ಇಂದಿನವರ ಮುಂಜಾವಿನ ಸಂದೇಶಕ್ಕೆ ಇದಕ್ಕಿಂತ ಸರಿಯಾದ ಸಂಸ್ಕೃತ ಹೆಸರು ದೊರೆಯಲಾರದು. ಮುಂದಿನ ಸೂತ್ರವು ಇನ್ನೂ ಗಮನಾರ್ಹವಾಗಿದೆ: ಒಂದೇ ಗ್ರಾಮದಲ್ಲಿ ವಾಸಿಸುವ ಇತರ ವೃದ್ಧರಿಗೂ ಬೆಳಗಿನ ಊಟಕ್ಕೆ ಮುಂಚೆಯೇ ಹೀಗೆ ವಂದಿಸತಕ್ಕದ್ದು. ಪ್ರವಾಸದಿಂದ ಮರಳಿದಾಗಲೂ ಹಾಗೆಯೇ. ಆದುದರಿಂದ ಬೆಳಗಿನ ವಂದನೆಯು ಗುರುಕುಲದ ಒಳಗೇ ಮುಗಿಯದೆ ಊರನ್ನೆಲ್ಲ ಸುತ್ತುತ್ತಿತ್ತು. ‘ಗ್ರಾಮ’ಶಬ್ದಕ್ಕೆ ಊರೆಂಬಂತೆ ಸಮೂಹವೆಂಬ ಅರ್ಥವೂ ಉಂಟು, ಗುಣಗ್ರಾಮ, ಇಂದ್ರಿಯಗ್ರಾಮ ಎನ್ನುವುದಿಲ್ಲವೆ? ಇಂದಿನ ವಾಟ್ಸಾಪ್ ಗುಂಪಿನವರು ತಮ್ಮದೂ ಒಂದು ಸಮಾನಗ್ರಾಮವೆಂದು ವಾದಿಸಿದರೆ ವೈಯಾಕರಣನು ತಟ್ಟನೆ ಅಲ್ಲಗಳೆಯಲಾರನು.

ಇಂತಹ ವಂದನೆಯ ಫಲವೇನು? ಮನುವು ನಾಲ್ಕನ್ನು ಹೇಳುತ್ತಾನೆ: ವಂದನಶೀಲನಾಗಿ ವೃದ್ಧರನ್ನು ನಿತ್ಯವೂ ಸೇವಿಸುವವನಿಗೆ ಆಯುಸ್ಸು, ವಿದ್ಯೆ, ಯಶಸ್ಸು, ಬಲ ಇವು ವರ್ಧಿಸುತ್ತವೆ. ಇದನ್ನು ಅರ್ಥವಾದವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ೨೦೧೦ರಲ್ಲಿ ಅಮೇರಿಕದ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಹಚರರು ೧೪೮ ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಮೀರಿದ ಜನರ ವೃತ್ತಾಂತಗಳನ್ನು, ಒಟ್ಟುಗೂಡಿಸಿ ನೋಡಿ, ಬಂಧುಮಿತ್ರರ ಸಂಬಂಧವು ದೃಢವಾಗಿರುವವರಿಗೆ ಬದುಕಿ ಉಳಿಯುವ ಸಂಭವವು ಇತರರಿಗಿಂತ ಶೇಕಡಾ ೫೦ರಷ್ಟು ಅಧಿಕವೆಂದು ತೋರಿಸಿದ್ದಾರೆ. ಆಯುಸ್ಸಿನ ಮಟ್ಟಿಗಾದರೂ ಸ್ಮೃತಿಕಾರನ ಮಾತು ಬರಿಯ ಸ್ತುತಿಯಲ್ಲ. ಅವರು ಅಳೆದುದು ಸಂಬಂಧವನ್ನು, ಸಂದೇಶಗಳ ಎಣಿಕೆಯನ್ನಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನು ಅಭಿವಾದನದ ಮರ್ಮವಾದ ಅಂಗಕ್ಕೆ ಬರೋಣ. ಅದೇ ಪ್ರತ್ಯಭಿವಾದ, ಎಂದರೆ ಮರುವಂದನೆ. ‘ಪ್ರತ್ಯಭಿವಾದೇಽಶೂದ್ರೇ’ ಎಂಬುದು ಪಾಣಿನಿಯ ಎಂಟನೆಯ ಅಧ್ಯಾಯದ ಸೂತ್ರ. ವಂದಿಸಿದವನಿಗೆ ಹಿರಿಯನು ‘ಆಯುಷ್ಮಾನ್ ಏಧಿ ದೇವದತ್ತಾ೩’ ಎಂದು ಹರಸುವಾಗ ವಾಕ್ಯದ ಕೊನೆಯ ಸ್ವರವು ಪ್ಲುತವಾಗಬೇಕು, ಎಂದರೆ ಮೂರು ಮಾತ್ರೆಗಳಷ್ಟು ಎಳೆಯಬೇಕು. ಹೆಸರಿನ ಕೊನೆಯನ್ನು ಎಳೆಯುವುದರಿಂದ ಏನಾಯಿತು? ವಂದಿಸಿದವನು ತನ್ನ ಹೆಸರನ್ನು ಹೇಳಿದ್ದನು. ಹಿರಿಯನು ಅದೇ ಹೆಸರನ್ನು ಎಳೆದು ಹೇಳಿದಾಗ ‘ನಿನ್ನ ವಂದನೆಯು ನನಗೆ ಮುಟ್ಟಿತು, ನೀನಾರೆಂದು ಬಲ್ಲೆನು’ ಎಂಬುದು ಕಂಠದಿಂದಲೇ ಸಿದ್ಧವಾಗುತ್ತದೆ. ಪತಂಜಲಿಯು ವ್ಯಾಕರಣಾಧ್ಯಯನದ ಪ್ರಯೋಜನಗಳಲ್ಲಿ ಇದನ್ನೂ ಒಂದೆಂದು ಎಣಿಸಿ, ಮರುವಂದನೆಯಲ್ಲಿ ಪ್ಲುತವನ್ನರಿಯದ ಅವಿದ್ವಾಂಸರಿಗೆ ವಿಧ್ಯುಕ್ತ ವಂದನೆಯನ್ನು ಮಾಡಬೇಕಾಗಿಲ್ಲವೆಂಬ ಶ್ಲೋಕವನ್ನು ಉದಾಹರಿಸಿದ್ದಾನೆ. ಮನುವೂ ಮರುವಂದನೆಯನ್ನರಿಯದವನಿಗೆ ವಂದಿಸಕೂಡದೆನ್ನುತ್ತಾನೆ. ಏಕಪಕ್ಷದ ವಂದನೆಯು ವಂದನೆಯೇ ಅಲ್ಲವೆಂಬುದು ಶಾಸ್ತ್ರದ ನಿಲುವು. ಪಾಠಶಾಲೆಯಲ್ಲಿ ಗೋತ್ರಪ್ರವರಗಳನ್ನು ಹೇಳಿ ವಂದಿಸುವುದನ್ನು ಕಲಿತ ನಮಗೆ ಗುರುಗಳ ಆ ಎಳೆದ ಸ್ವರವು ಇನ್ನೂ ಕಿವಿಯಲ್ಲಿದೆ; ಅದು ಬಾರದಿದ್ದ ದಿನ ಏನೋ ತಪ್ಪಿತೆಂದು ಹುಡುಗರು ತಿಳಿಯುತ್ತಿದ್ದರು.

ಆದರೆ ಅದೇ ಸೂತ್ರದಲ್ಲಿರುವ ‘ಅಶೂದ್ರೇ’ ಎಂಬ ಪದವನ್ನು ಮರೆಮಾಡಿ ಮುಂದೆ ಹೋಗುವುದು ನ್ಯಾಯವಲ್ಲ. ಎಳೆದ ಸ್ವರದ ಆದರವು ಶೂದ್ರನಿಗಿಲ್ಲ. ವಾರ್ತಿಕವು ಸ್ತ್ರೀಯರನ್ನೂ ಅಸೂಯಕನನ್ನೂ ಇದಕ್ಕೆ ಸೇರಿಸುತ್ತದೆ. ಕುಶಲಪ್ರಶ್ನದಲ್ಲಿಯೂ ಇದೇ ತಾರತಮ್ಯ. ಬ್ರಾಹ್ಮಣನನ್ನು ‘ಕುಶಲ’ವೆಂದೂ, ಕ್ಷತ್ರಿಯನನ್ನು ‘ಅನಾಮಯ’ವೆಂದೂ, ವೈಶ್ಯನನ್ನು ‘ಕ್ಷೇಮ’ವೆಂದೂ, ಶೂದ್ರನನ್ನು ‘ಆರೋಗ್ಯ’ವೆಂದೂ ಕೇಳಬೇಕೆಂದು ಮನುವಿನ ವಿಧಿ. ಆಪಸ್ತಂಬರು ವೈಶ್ಯನಿಗೆ ‘ಅನಷ್ಟ’ವನ್ನು ಹೇಳುತ್ತಾರೆ, ಏನೂ ಕಳೆದುಹೋಗಿಲ್ಲವಷ್ಟೆ, ಎಂದು ಅದರ ಭಾವ. ವ್ಯಾಪಾರಿಗೆ ಅದು ಬಹು ಯೋಗ್ಯವಾದ ಪ್ರಶ್ನೆಯೆಂದು ಒಪ್ಪಬಹುದು. ಆದರೂ ಮನುಷ್ಯನ ಹಿತವನ್ನು ನಾಲ್ಕು ಪಾಲು ಮಾಡಿ, ದುಡಿಯುವವನಿಗೆ ದೇಹದ ಆರೋಗ್ಯವೊಂದನ್ನೇ ಕೇಳಿದರೆ ಸಾಕೆಂದ ವ್ಯವಸ್ಥೆಯಿದು.

ಈ ವ್ಯವಸ್ಥೆಯನ್ನು ವಾದದಿಂದಲೂ ಆಚರಣೆಯಿಂದಲೂ ಮುರಿದ ಸ್ಥಳವು ಬೀದರ ಜಿಲ್ಲೆಯಲ್ಲಿಯೇ ಇದೆ. ೧೨ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೂ ಅವರ ಸಂಗಡಿಗರೂ ವರ್ಣವನ್ನು ಕೇಳದೆ ಪರಸ್ಪರ ‘ಶರಣು’ ಎಂದರು. ಮನೆಗೆ ಬಂದವರನ್ನು ಹದುಳವೆಯೆಂದು ವಿಚಾರಿಸದ, ಕುಳಿತುಕೊಳ್ಳಿರೆನ್ನದ ಗೃಹಸ್ಥನನ್ನು ಬಸವಣ್ಣನವರು ಒಂದು ವಚನದಲ್ಲಿ ತೀಕ್ಷ್ಣವಾಗಿ ನಿಂದಿಸಿರುವರು. ಇನ್ನೊಂದರಲ್ಲಿ ಸ್ವರ್ಗನರಕಗಳು ಎದುರಿನವನನ್ನು ಸಂಬೋಧಿಸುವ ರೀತಿಯಲ್ಲಿಯೇ ಇವೆಯೆಂದು ತೋರಿಸಿರುವರು. ಇಲ್ಲಿ ‘ಹದುಳ’ವೆಂಬ ಅಚ್ಚಗನ್ನಡ ಶಬ್ದವನ್ನು ಲಕ್ಷಿಸಬೇಕು. ಕುಶಲ, ಅನಾಮಯ, ಕ್ಷೇಮ, ಆರೋಗ್ಯ ಈ ನಾಲ್ಕೂ ಅದರಲ್ಲಿ ಅಡಗಿವೆ. ಕೇಳುವವನು ಎದುರಿನವನ ಕುಲವನ್ನು ತಿಳಿದ ಮೇಲೆ ಶಬ್ದವನ್ನು ಆರಿಸಿಕೊಳ್ಳಬೇಕಾದ ತೊಡಕು ಅದಕ್ಕಿಲ್ಲ. ಇಂತಹ ಶಬ್ದವನ್ನು ನಾವು ಬಳಕೆಯಿಂದ ಜಾರಿಸಿದುದು ವಿಷಾದಕರ. ಭಾಲ್ಕಿಯ ಕಡೆ ‘ಶರಣು’ ಎಂದವರಿಗೆ ‘ಶರಣಾರ್ಥಿ’ ಎಂಬ ಮರುವಂದನೆಯು ಇಂದಿಗೂ ಕೇಳಿಬರುತ್ತದೆ. ಹಿರಿಯನು ಕಿರಿಯನಿಗೂ ಶರಣಾರ್ಥಿಯನ್ನೇ ಹೇಳುವನು. ಪಾಣಿನೀಯದ ಪ್ಲುತವು ಇಲ್ಲಿ ಬೇಕಾಗಿಲ್ಲ. ವಂದನೆಯೂ ಮರುವಂದನೆಯೂ ಒಂದೇ ತೂಕದವು.

ಬಾಯಿಮಾತಿನ ವಂದನೆಯ ವಿಚಾರವು ಇಷ್ಟು. ಬರಹದ ವಂದನೆಗೆ ಬಂದರೆ, ನಮ್ಮ ಶಾಸನಗಳು ‘ಸ್ವಸ್ತಿ’ಯೆಂದು ಮೊದಲಾಗುತ್ತವೆ, ೫೭೮ನೆಯ ಇಸವಿಯ ಮಂಗಳೇಶನ ಬಾದಾಮಿಯ ಶಾಸನದಿಂದ ಇದನ್ನು ಕಾಣಬಹುದು. ಓದುವವನಾರೆಂದು ತಿಳಿಯದಿದ್ದರೂ ಅವನಿಗೆ ಮೊದಲು ಒಳಿತನ್ನು ಹೇಳಿ ಆಮೇಲೆ ವಿಷಯಕ್ಕೆ ಬರುವ ಸೌಜನ್ಯವಿದು. ಹುಮನಾಬಾದ ತಾಲೂಕಿನ ಜಲಸಂಗವಿಯ ದೇವಾಲಯದ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯನ್ನು ಅನೇಕರು ನೋಡಿರಬಹುದು. ವಾರ್ತಿಕಕಾರನು ಸ್ತ್ರೀಯರಿಗೆ ಪ್ಲುತವನ್ನು ಕೊಡಲಿಲ್ಲ. ಶಿಲ್ಪಿಯು ಲೇಖನವನ್ನೇ ಅವಳ ಕೈಯಲ್ಲಿಟ್ಟನು.

ಪತ್ರಲೇಖನವನ್ನು ಒಂದು ಶಾಸ್ತ್ರವಾಗಿ ಬೆಳೆಸಿದ ಕೀರ್ತಿಯೂ ಬೀದರಿಗುಂಟು. ಕೌಟಿಲ್ಯನ ಶಾಸನಾಧಿಕಾರ, ಗುಜರಾತದ ಲೇಖಪದ್ಧತಿ, ವಿದ್ಯಾಪತಿಯ ಲಿಖನಾವಲಿ ಇವು ಸಂಸ್ಕೃತಜ್ಞರಿಗೆ ಪರಿಚಿತವಾದವುಗಳು. ಪಾರಸೀಕದಲ್ಲಿ ಇದಕ್ಕೆ ‘ಇನ್ಷಾ’ ಎಂದು ಹೆಸರು. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಮಹಮೂದ ಗವಾನನು ಇರಾನದ ಗೀಲಾನ ಪ್ರಾಂತದಿಂದ ೧೪೫೩ರ ಸುಮಾರಿಗೆ ಬೀದರಿಗೆ ಬಂದವನು. ೧೪೭೨ರಲ್ಲಿ ಅವನು ಕಟ್ಟಿಸಿದ ಮದರಸೆಯು ಭಗ್ನವಾಗಿದ್ದರೂ ಇಂದಿಗೂ ಪಟ್ಟಣದ ಮಧ್ಯದಲ್ಲಿ ತನ್ನ ನೀಲಿ ಹಂಚುಗಳ ಅವಶೇಷದೊಡನೆ ನಿಂತಿದೆ. ಅವನು ‘ಮನಾಜಿರುಲ್ ಇನ್ಷಾ’ ಎಂಬ ಪತ್ರಲಕ್ಷಣಗ್ರಂಥವನ್ನು ರಚಿಸಿದನು. ಅವನ ಪತ್ರಗಳ ಸಂಕಲನಕ್ಕೆ ‘ರಿಯಾಜುಲ್ ಇನ್ಷಾ’ ಎಂದು ಹೆಸರು. ಹೇರಾತದ ಕವಿ ಜಾಮಿಗೂ, ತುರ್ಕರ ಸುಲ್ತಾನ ಎರಡನೆಯ ಮೆಹಮತನಿಗೂ, ಗೀಲಾನದಲ್ಲಿದ್ದ ತನ್ನವರಿಗೂ ಬೀದರದಿಂದ ಅವನ ಪತ್ರಗಳು ಹೋಗುತ್ತಿದ್ದವು. ಜಾಮಿಯನ್ನು ಬೀದರಿಗೆ ಬರಬೇಕೆಂದು ಕರೆದರೂ ಆ ಕವಿಯು ಬರಲಿಲ್ಲ. ಪತ್ರಗಳು ಮಾತ್ರ ಹೋಗಿ ಬಂದು ಮಾಡುತ್ತಿದ್ದವು. ಎಂದೂ ಒಂದೆಡೆ ಸೇರಲಾರದ ಇಬ್ಬರ ಸ್ನೇಹವು ಕೇವಲ ಬರಹದಿಂದ ನಿಂತುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಉತ್ತಮವಾದ ನಿದರ್ಶನವಿಲ್ಲ.

ಆ ಪತ್ರಗಳ ಶೈಲಿಯು ಅಲಂಕಾರಭಾರದಿಂದ ಬಾಗಿದುದು. ವಿಷಯಕ್ಕೆ ಬರುವ ಮೊದಲು ಉಪಚಾರವೇ ಬಹು ದೂರ ಸಾಗುತ್ತದೆ. ಇಂದಿನ ಓದುಗನಿಗೆ ಇದು ಬೇಸರವನ್ನುಂಟುಮಾಡಬಹುದು. ಆದರೆ ಪತ್ರವು ತಿಂಗಳುಗಟ್ಟಲೆ ಹಡಗಿನಲ್ಲಿಯೂ ಒಂಟೆಯ ಮೇಲೂ ಪ್ರಯಾಣಮಾಡಿ ತಲುಪುವಾಗ, ‘ಇಷ್ಟು ಹೊತ್ತು ನಿಮ್ಮನ್ನು ನೆನೆದು ಕುಳಿತಿದ್ದೆನು’ ಎಂಬುದನ್ನು ಆ ದೀರ್ಘೋಪಚಾರವೇ ತಿಳಿಸುತ್ತಿತ್ತೆಂದು ನಾವು ಎಣಿಸುತ್ತೇವೆ. ಬರೆಯಲು ತಗಲಿದ ಶ್ರಮವು ಓದುವವನಿಗೆ ಕಾಣುತ್ತಿತ್ತು.

ಗವಾನನ ಅಂತ್ಯವೂ ಪತ್ರದಿಂದಲೇ ಆಯಿತು. ಅವನ ಶತ್ರುಗಳು ಮುದ್ರೆಯನ್ನು ಕಾಯುವವನನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಮಂತ್ರಿಯ ಮುದ್ರೆಯನ್ನು ಒತ್ತಿಸಿದರು. ಆ ಮೇಲೆ ಅದರಲ್ಲಿ ಒಡಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವಂತೆ ಒಂದು ಪತ್ರವನ್ನು ಬರೆದರು. ಮುದ್ರೆಯು ತನ್ನದು, ಬರಹವು ತನ್ನದಲ್ಲ ಎಂದು ಅವನು ಹೇಳಿದುದನ್ನು ಮೂರನೆಯ ಮುಹಮ್ಮದ ಷಹನು ಕಿವಿಗೆ ಹಾಕಿಕೊಳ್ಳಲಿಲ್ಲ. ೧೪೮೧ನೆಯ ಇಸವಿಯ ಏಪ್ರಿಲ್ ೫ರಂದು ಅವನ ಶಿರಶ್ಛೇದವಾಯಿತು. ಸುಲ್ತಾನನು ಬೇಗನೆ ಪಶ್ಚಾತ್ತಾಪಪಟ್ಟು ಮರುವರ್ಷವೇ ತೀರಿಕೊಂಡನು. ಬಹಮನಿ ರಾಜ್ಯವು ಮತ್ತೆ ಚೇತರಿಸಿಕೊಳ್ಳಲಿಲ್ಲ. ಒಬ್ಬನ ಮುದ್ರೆಯ ಕೆಳಗೆ ಇನ್ನೊಬ್ಬನ ಮಾತು ಇರುವ ಕಾಗದವು ಎಷ್ಟು ಅಪಾಯಕರವೆಂಬುದನ್ನು ಬೀದರ ಸೀಮೆಯು ಬಹು ಹಿಂದೆಯೇ ಕಂಡಿತ್ತು. ಈ ಪ್ರಸಂಗವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ನಡುವಣ ಶತಮಾನಗಳನ್ನು ಬಿಟ್ಟು ನಿಜಾಮರ ಕಾಲಕ್ಕೆ ಬರೋಣ. ಆಗ ರಾಜ್ಯದ ವ್ಯವಹಾರವು ಉರ್ದುವಿನಲ್ಲಿ ನಡೆಯುತ್ತಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧಭಾಷೆಯೂ ಅದೇ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸುತ್ತಿದ್ದ ಸಂಗತಿಯು ಸುಪ್ರಸಿದ್ಧವಾದುದು. ಇದನ್ನು ಭಾಷಾಭಿಮಾನದ ದೃಷ್ಟಾಂತವಾಗಿ ಎಲ್ಲರೂ ಹೇಳುವರು. ಪತ್ರಗಳ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವಿದೆಯೆಂಬುದು ನಮ್ಮ ಮತ. ಮನೆಯ ಮಾತು ಒಂದು, ಬರೆಯಬಲ್ಲವನ ಲಿಪಿ ಇನ್ನೊಂದು ಆಗಿದ್ದಲ್ಲಿ ತಾಯಿಯು ಮಗನಿಗೆ ತನ್ನ ಕ್ಷೇಮವನ್ನು ತಿಳಿಸಲು ಊರಿನ ಯಾವನೋ ಒಬ್ಬ ಉರ್ದು ಅಥವಾ ಮೋಡಿ ಬಲ್ಲವನ ಕೈಯನ್ನು ಹಿಡಿಯಬೇಕಾಗುತ್ತಿತ್ತು. ಅವಳ ಕುಶಲವು ಮೊದಲು ಪರಭಾಷೆಗೆ ಹೋಗಿ, ಆ ಕಡೆಯಲ್ಲಿ ಮತ್ತೆ ಮಾತೃಭಾಷೆಗೆ ಮರಳಬೇಕು. ಹಿರೇಮಠದ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗನು ಕನ್ನಡದಲ್ಲಿಯೇ ‘ನಾವೆಲ್ಲರೂ ಕ್ಷೇಮ’ವೆಂದು ಬರೆದಾಗ ಆ ಸುತ್ತುದಾರಿಯು ತಪ್ಪಿತು. ೧೯೯೯ರಲ್ಲಿ ಲಿಂಗೈಕ್ಯರಾದ ಪಟ್ಟದ್ದೇವರ ಈ ಉಪಕಾರವನ್ನು ಬರೆದಿಟ್ಟವರು ವಿರಳ.

ಆ ಕಾಲದ ಪತ್ರಗಳ ಕ್ರಮವು ಗೊತ್ತಿರುವುದೇ. ಮೇಲೆ ‘ಶ್ರೀ’ಕಾರ, ತಂದೆಗೆ ‘ತೀರ್ಥರೂಪ’, ತಾಯಿಗೆ ‘ಮಾತೃಶ್ರೀ’, ಮಕ್ಕಳಿಗೆ ‘ಚಿರಂಜೀವಿ’, ಸುವಾಸಿನಿಗೆ ‘ಸೌಭಾಗ್ಯವತಿ’, ಗಂಡನಿಲ್ಲದವಳಿಗೆ ‘ಗಂಗಾಭಾಗೀರಥೀಸಮಾನ’. ವರ್ಣದ ತಾರತಮ್ಯವು ಪತ್ರದಿಂದ ಬಹುಮಟ್ಟಿಗೆ ಹೋಗಿ ವಯಸ್ಸಿನದೂ ಸೌಭಾಗ್ಯದ್ದೂ ಉಳಿದಿತ್ತು. ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ಒಕ್ಕಲಿಗನೂ ವ್ಯಾಪಾರಿಯೂ ಅಗಸನೂ ಇದೇ ಕುಶಲವನ್ನು ಬರೆಸುತ್ತಿದ್ದರು. ಮನುವು ಬ್ರಾಹ್ಮಣನಿಗೆ ಮೀಸಲಿಟ್ಟಿದ್ದ ಶಬ್ದವು ಹೀಗೆ ಮೂರು ಕಾಸಿನ ಕಾರ್ಡಿನ ಮೇಲೆ ಎಲ್ಲರದ್ದಾಯಿತು. ಬ್ರಿಟಿಷ್ ಹಿಂದುಸ್ಥಾನದಲ್ಲಿ ಕಾರ್ಡು ೧೮೭೯ರಲ್ಲಿ ಕಾಲಾಣೆಗೆ ಬಂದಿತು; ನಿಜಾಮರ ಸಂಸ್ಥಾನವು ೧೮೬೯ರಿಂದಲೇ ತನ್ನ ಸ್ವಂತ ಅಂಚೆಚೀಟಿಗಳನ್ನು ಹೊರಡಿಸುತ್ತಿತ್ತು. ಪತ್ರದ ಕೊನೆಯಲ್ಲಿ ‘ತಮ್ಮ ಕ್ಷೇಮಕ್ಕೆ ಪತ್ರ ಬರೆಸುತ್ತಿರಬೇಕು’ ಎಂಬುದು ತಪ್ಪುತ್ತಿರಲಿಲ್ಲ. ಈ ಕೊನೆಯ ವಾಕ್ಯವೇ ನಮ್ಮ ವಿಚಾರದ ಕೀಲು. ಮೊದಲು ತನ್ನ ಕ್ಷೇಮದ ನಿವೇದನೆ, ಆಮೇಲೆ ಎದುರಿನವರ ಕ್ಷೇಮದ ಪ್ರಶ್ನೆ. ಪ್ರಶ್ನೆಯಿರುವುದರಿಂದ ಉತ್ತರದ ಋಣ.

ಇದೂ ಕಾಲಕ್ರಮದಲ್ಲಿ ರೂಢಿಯಾಗಿ ಅರ್ಥವನ್ನು ಕಳೆದುಕೊಂಡಿತೆಂದು ಹೇಳುವವರಿದ್ದಾರೆ. ಹೌದು. ಮರಾಠಿಯವರು ‘ಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ’ವನ್ನು ‘ಸಾ. ನ. ವಿ. ವಿ.’ ಎಂದು ನಾಲ್ಕಕ್ಷರಕ್ಕೆ ಇಳಿಸಿದ್ದರು. ಸಾಷ್ಟಾಂಗವನ್ನು ಒಂದಕ್ಷರದಲ್ಲಿ ಮುಗಿಸಿದವರು ಮೊಬೈಲಿನವರನ್ನು ನಿಂದಿಸಲಾರರು. ತಂತಿಯ ಕಚೇರಿಯಲ್ಲಿ ಶುಭಾಶಯದ ವಾಕ್ಯಗಳಿಗೆ ಅಂಕಿಗಳೇ ಇದ್ದವು. ಕಳುಹಿಸುವವನು ಪಟ್ಟಿಯಲ್ಲಿ ಒಂದು ಅಂಕಿಯನ್ನು ಆರಿಸಿ ಕೊಟ್ಟರೆ, ತಂತಿಯಲ್ಲಿ ಅಂಕಿಯು ಹೋಗಿ, ಆ ಕಡೆಯಲ್ಲಿ ಮದುವೆಯ ಅಥವಾ ದೀಪಾವಳಿಯ ಶುಭಾಶಯವಾಗಿ ಹೊರಬೀಳುತ್ತಿತ್ತು. ೨೦೧೩ರ ಜುಲೈ ತಿಂಗಳಲ್ಲಿ ತಂತಿಸೇವೆಯು ನಿಂತಿತು. ಸಿದ್ಧವಾಕ್ಯಗಳ ಶುಭಾಶಯವು ಮೊಬೈಲಿನವರ ಸೃಷ್ಟಿಯಲ್ಲವೆಂಬುದು ಇದರಿಂದ ಸಿದ್ಧವಾಯಿತು. ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞನು ೧೯೨೩ರಲ್ಲಿ, ಹವೆಯ ಮಾತು, ಕುಶಲದ ಮಾತು ಮುಂತಾದುವುಗಳ ಪ್ರಯೋಜನವು ವಿಷಯವನ್ನು ತಿಳಿಸುವುದರಲ್ಲಿಲ್ಲ, ಜನರನ್ನು ಒಂದೆಡೆ ಹಿಡಿದಿಡುವುದರಲ್ಲಿದೆಯೆಂದು ಪ್ರತಿಪಾದಿಸಿದನು. ಅಪರಿಚಿತನ ಮೌನವು ಆದಿವಾಸಿಗೆ ಭಯಹೇತುವೆಂದೂ ಅವನು ಹೇಳಿದ್ದಾನೆ.

೧೯೫೬ರಲ್ಲಿ ಒಂದು ಘಟನೆಯು ಈ ಸೀಮೆಯ ಕುಶಲಪ್ರಶ್ನಗಳ ಅವಶ್ಯಕತೆಯನ್ನು ಹೆಚ್ಚಿಸಿತು. ನವೆಂಬರ ೧ರಂದು ಹೈದರಾಬಾದ ರಾಜ್ಯವು ಹಂಚಿಹೋದಾಗ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳ ಕಡೆಯು ಮೈಸೂರು ರಾಜ್ಯಕ್ಕೆ; ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ; ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವು ಆಂಧ್ರಪ್ರದೇಶಕ್ಕೆ. ಔರಾದಿನವಳ ತವರು ಉದಗೀರದಲ್ಲಿ, ಬೀದರದವನ ಸೋದರಮಾವನು ಜಹೀರಾಬಾದದಲ್ಲಿ; ಒಂದೇ ಜಿಲ್ಲೆಯ ಬೀಗರು ಮೂರು ರಾಜ್ಯದವರಾದರು. ಮಕ್ಕಳು ಓದಿದ ಶಾಲೆಗಳ ಭಾಷೆಗಳೂ ಬೇರೆಬೇರೆಯಾದವು. ಅಜ್ಜನು ಬರೆದ ಕನ್ನಡ ಪತ್ರವನ್ನು ಮಗಳ ಮಗನು ಓದಲಾರದ ಮನೆಗಳು ಹುಟ್ಟಿಕೊಂಡವು. ಈ ದೃಷ್ಟಿಯಿಂದ ನೋಡಿದರೆ ಮುಂಜಾವಿನ ಚಿತ್ರಸಂದೇಶಗಳಿಗೆ ಒಂದು ಗುಣವನ್ನು ಕೊಡಲೇಬೇಕು: ಅರಳಿದ ಹೂವಿಗೆ ಲಿಪಿಯಿಲ್ಲ. ಅಜ್ಜನು ಕಳುಹಿಸಿದ ಸೂರ್ಯನು ಉದಗೀರದ ಮೊಮ್ಮಗನಿಗೆ ಅರ್ಥವಾಗುತ್ತಾನೆ.

ಇಂತಹ ಚಿತ್ರಗಳು ಲೋಕಪ್ರಸಿದ್ಧವಾದುದು ೨೦೧೮ರಲ್ಲಿ. ಭಾರತೀಯರ ಮೊಬೈಲುಗಳು ಏಕೆ ತುಂಬಿ ನಿಂತುಹೋಗುತ್ತಿವೆಯೆಂದು ಗೂಗಲ್ ಸಂಸ್ಥೆಯವರು ಶೋಧಿಸಿ, ಬೆಳಗಿನ ಶುಭಾಶಯದ ಚಿತ್ರಗಳೇ ಕಾರಣವೆಂದು ಕಂಡುಕೊಂಡರೆಂಬ ವಾರ್ತೆಯನ್ನು ಅಮೇರಿಕದ ವಾಲ್ ಸ್ಟ್ರೀಟ್ ಜರ್ನಲ್ ಪ್ರಕಟಿಸಿತು. ಅವುಗಳನ್ನು ಹುಡುಕಿ ಅಳಿಸುವ ಉಪಕರಣವೊಂದನ್ನೂ ಗೂಗಲ್‌ನವರು ಹೊರತಂದಿದ್ದರು. ಶುಭವನ್ನು ಗುಡಿಸಿ ಹಾಕುವುದಕ್ಕೆ ಒಂದು ಪೊರಕೆ ಬೇಕಾದುದು ನಮ್ಮ ಕಾಲದ ವೈಚಿತ್ರ್ಯ.

ಈಗ ಪ್ರಕೃತಕ್ಕೆ ಬರಬಹುದು. ಮುಂಜಾವಿನ ಸಂದೇಶದಲ್ಲಿ ಆಶಿಸ್ಸು ಉಂಟು, ಪ್ರಶ್ನೆಯಿಲ್ಲ. ‘ಶುಭವಾಗಲಿ’ ಎಂಬುದು ‘ಹದುಳವೆ?’ ಎಂಬುದಕ್ಕೆ ಸಮಾನವಲ್ಲ. ಮೊದಲನೆಯದಕ್ಕೆ ಉತ್ತರದ ಅಗತ್ಯವಿಲ್ಲ. ಎರಡನೆಯ ಲೋಪವೆಂದರೆ ಹೆಸರಿನದು. ಅಭಿವಾದಕನು ತನ್ನ ಹೆಸರನ್ನು ಹೇಳಬೇಕು, ಪ್ರತ್ಯಭಿವಾದಕನು ಅದನ್ನು ಮರಳಿ ಹೇಳಬೇಕು. ನೂರು ಮಂದಿಗೆ ಒಂದೇ ಸಲ ಹೋಗುವ ಚಿತ್ರದಲ್ಲಿ ಯಾರ ಹೆಸರೂ ಇಲ್ಲ. ಮೂರನೆಯದು, ಅದರ ಮಾತು ಕಳುಹಿಸುವವನದಲ್ಲ. ಎಲ್ಲಿಂದಲೋ ಬಂದುದನ್ನು ತನ್ನ ಹೆಸರಿನಲ್ಲಿ ಮುಂದಕ್ಕೆ ದಾಟಿಸುತ್ತಾನೆ. ಮುದ್ರೆಯು ಇವನದು, ಬರಹವು ಇನ್ನಾರದೋ.

ಇಷ್ಟಾದರೂ ಈ ಆಚಾರವನ್ನು ನಿಷ್ಫಲವೆಂದು ಹೇಳಲು ನಮ್ಮ ಮನಸ್ಸು ಒಪ್ಪದು. ಮಕ್ಕಳು ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಹೋಗಿ, ಊರಿನಲ್ಲಿ ವೃದ್ಧರಿಬ್ಬರೇ ಉಳಿದಿರುವ ಮನೆಗಳು ಭಾಲ್ಕಿ ಔರಾದಗಳಲ್ಲಿ ಈಗ ಅನೇಕ. ಅಂತಹ ತಂದೆಯು ದಿನವೂ ಆರು ಗಂಟೆಗೆ ಒಂದು ಹೂವನ್ನು ಕಳುಹಿಸುತ್ತಾನೆ. ಮಗನು ಅದನ್ನು ತೆರೆದು ನೋಡುವುದೂ ಇಲ್ಲ. ಆದರೆ ಒಂದು ದಿನ ಏಳೂವರೆಯಾದರೂ ಹೂವು ಬಾರದಿದ್ದರೆ ಅವನು ಕೂಡಲೆ ಫೋನು ಮಾಡುವನು. ಸಂದೇಶದಲ್ಲಿಲ್ಲದ ಕುಶಲಪ್ರಶ್ನವು ಅದರ ಅಭಾವದಲ್ಲಿ ಹುಟ್ಟುತ್ತದೆ. ಅಭಾವವನ್ನೂ ಒಂದು ಪ್ರಮಾಣವೆಂದು ಒಪ್ಪುವ ಮೀಮಾಂಸಕರಿಗೆ ಇದು ರುಚಿಸಬಹುದು. ನಿತ್ಯಕರ್ಮಕ್ಕೆ ಮಾಡಿದರೆ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು ಎನ್ನುವ ಅವರ ನ್ಯಾಯವೂ ಇಲ್ಲಿ ಹೊಂದುತ್ತದೆ.

ಪ್ಲುತವೂ ಸರ್ವಥಾ ಲುಪ್ತವಾಗಿಲ್ಲ. ಹುಡುಗರು ಮರುತ್ತರ ಬರೆಯುವಾಗ ‘ಅಣ್ಣಾಾಾ’, ‘ಕಾಕಾಾಾ’ ಎಂದು ದೀರ್ಘದ ಗುರುತನ್ನು ಮೂರು ನಾಲ್ಕು ಸಲ ಒತ್ತುವುದನ್ನು ನೋಡಿದ್ದೇವೆ. ಇದನ್ನು ಕಾಗುಣಿತದ ಅಜ್ಞಾನವೆಂದು ಶಿಕ್ಷಕರು ಗದರಿಸುವರು. ಗದರಿಸುವ ಮೊದಲು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯವನ್ನೊಮ್ಮೆ ನೋಡಲಿ.

ಆದರೆ ಪರರ ಬರಹದ ಮೇಲೆ ತನ್ನ ಮುದ್ರೆಯನ್ನೊತ್ತುವ ಅಭ್ಯಾಸದ ಇನ್ನೊಂದು ಮುಖವನ್ನು ಹೇಳದೆ ವಿಧಿಯಿಲ್ಲ. ೨೦೧೮ನೆಯ ಇಸವಿಯ ಜುಲೈ ೧೩ರಂದು ಔರಾದ ಸೀಮೆಗೆ ಹೈದರಾಬಾದಿನ ಕಡೆಯಿಂದ ಕೆಲವರು ಕಾರಿನಲ್ಲಿ ಬಂದಿದ್ದರು. ಅವರಲ್ಲೊಬ್ಬನು ದಾರಿಯಲ್ಲಿ ಕಂಡ ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟನ್ನು ಕೊಟ್ಟನು. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸುಳ್ಳು ವದಂತಿಯು ಆ ದಿನಗಳಲ್ಲಿ ದೇಶದ ಅನೇಕ ಕಡೆಗಳಲ್ಲಿ ವಾಟ್ಸಾಪಿನ ಮೂಲಕ ಹರಡಿತ್ತು. ನೋಡಿದವರು ಸಂಶಯಪಟ್ಟರು; ಅವರ ವಾಹನದ ಸುದ್ದಿಯು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮುರ್ಕಿ ಗ್ರಾಮದಲ್ಲಿ ದಾರಿಯನ್ನು ಅಡ್ಡಗಟ್ಟಿದ್ದರಿಂದ ಕಾರು ಉರುಳಿತು. ನೂರಾರು ಜನರು ಸೇರಿ ಹೊಡೆದರು. ಒಬ್ಬ ತರುಣನು ಸತ್ತನು, ಜೊತೆಯವರಿಗೂ ಬಿಡಿಸಲು ಹೋದ ಪೋಲೀಸರಿಗೂ ಗಾಯಗಳಾದವು. ಅದೇ ತಿಂಗಳಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಾಗಿ ದಾಟಿಸದಂತೆ ಮಿತಿಯನ್ನು ಹಾಕುವುದಾಗಿ ಸಾರಿದರು. ೨೦೧೯ರಲ್ಲಿ ಅದನ್ನು ಲೋಕಕ್ಕೆಲ್ಲ ವಿಸ್ತರಿಸಿದರು.

ಬೆಳಿಗ್ಗೆ ಹೂವನ್ನು ದಾಟಿಸುವ ಬೆರಳೇ ಮಧ್ಯಾಹ್ನ ಆ ಸುದ್ದಿಯನ್ನು ದಾಟಿಸುವುದು. ಎರಡರಲ್ಲಿಯೂ ಕ್ರಿಯೆಯು ಒಂದೇ: ಬಂದುದನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸುವುದು. ಆ ದಿನ ನಡೆದುದನ್ನು ಅಭಿವಾದನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪರಸ್ಥಳದವನು ವಂದಿಸಿದನು. ಊರು ಮರುವಂದನೆಯನ್ನು ಮಾಡಲಿಲ್ಲ. ‘ಯಾವೂರು? ಯಾರ ಪೈಕಿ?’ ಎಂದು ಒಬ್ಬನು ಎದುರಿಗೆ ಬಂದು ಕೇಳುವ ಹಳೆಯ ಪದ್ಧತಿಯ ಸ್ಥಾನವನ್ನು, ದೂರದಿಂದ ತೆಗೆದ ಚಿತ್ರವು ಆಕ್ರಮಿಸಿತ್ತು.

ಆಪಸ್ತಂಬರ ಧರ್ಮಸೂತ್ರದಲ್ಲಿ ಕುಶಲಪ್ರಶ್ನದ ವಿಧಿಗಳು ಮುಗಿಯುವಲ್ಲಿ ಎರಡು ಚಿಕ್ಕ ಸೂತ್ರಗಳಿವೆ. ಶ್ರೋತ್ರಿಯನನ್ನು ಮಾತನಾಡಿಸದೆ ದಾಟಿ ಹೋಗಬಾರದು ಎಂಬುದು ಒಂದು. ಅರಣ್ಯದಲ್ಲಿ ಸ್ತ್ರೀಯನ್ನೂ ಹಾಗೆಯೇ ದಾಟಿ ಹೋಗಬಾರದು ಎಂಬುದು ಇನ್ನೊಂದು. ಇಲ್ಲಿ ಪೂಜ್ಯತೆಯಾಗಲಿ ವಯಸ್ಸಾಗಲಿ ಪ್ರಶ್ನೆಯಲ್ಲ. ವ್ಯಾಖ್ಯಾನಕಾರನಾದ ಹರದತ್ತನು ಬಿಡಿಸಿ ಹೇಳಿದ್ದಾನೆ: ತಾಯಿಯೆಂದೋ ತಂಗಿಯೆಂದೋ ಕರೆದು, ಏನು ಸಹಾಯಮಾಡಲಿ, ಹೆದರಬೇಡವೆಂದು ಅವಳಿಗೆ ಹೇಳತಕ್ಕದ್ದು. ಅಡವಿಯಲ್ಲಿ ಇಬ್ಬರು ಅಪರಿಚಿತರು ಎದುರಾದಾಗ ಮೌನವೇ ಭಯಕ್ಕೆ ಮೂಲ. ಮಾತು ಆ ಭಯವನ್ನು ಕಳೆಯುವುದು. ಸಂಭಾಷಣವಿಧಿಗಳಲ್ಲೆಲ್ಲ ಇದೇ ಅತ್ಯಂತ ಮೂಲಭೂತವಾದುದೆಂದು ನಮಗೆ ತೋರುತ್ತದೆ. ಬಲ್ಲವರಿಗೆ ದಿನವೂ ನೂರು ಶುಭೋದಯಗಳನ್ನು ಕಳುಹಿಸುವವರು ಈ ಸೂತ್ರದ ವ್ಯಾಪ್ತಿಗೆ ಬರುವುದಿಲ್ಲ. ಅಪರಿಚಿತನ ಕಾರಿನ ಹತ್ತಿರ ಹೋಗಿ ‘ನಮಸ್ಕಾರ್ರೀ, ಎಲ್ಲಿಂದ ಬಂದ್ರಿ?’ ಎಂದು ಕೇಳುವ ಔರಾದಿನ ಮುದುಕನು ಬರುತ್ತಾನೆ.

ಕೊನೆಯಲ್ಲಿ, ಮುಂದಿನ ಸಂಶೋಧಕರಿಗಾಗಿ ಒಂದು ಸೂಚನೆ. ಬೀದರ, ಭಾಲ್ಕಿ, ಔರಾದಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಕನ್ನಡ, ಮೋಡಿ, ಉರ್ದು ಲಿಪಿಗಳ ಖಾಸಗಿ ಪತ್ರಗಳು ಇನ್ನೂ ಉಳಿದಿರುವುದು ಸಂಭವನೀಯ. ಅವುಗಳನ್ನು ಸಂಗ್ರಹಿಸಿ, ಸಂಬೋಧನೆಯ ಹಾಗೂ ಕುಶಲವಾಕ್ಯಗಳ ರೂಪಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಶಾಸನಗಳಿಂದ ತಿಳಿಯದ ಅನೇಕ ಸಂಗತಿಗಳು ತಿಳಿಯುವುವು. ಹೀಗೆ ಮಾಡುವವರು ಒಂದನ್ನು ಮರೆಯಬಾರದು. ಶುಭವಾರ್ತೆಯ ಪತ್ರದ ಮೂಲೆಗಳಿಗೆ ಅರಿಸಿನಕುಂಕುಮವನ್ನು ಹಚ್ಚಿ ಕಳುಹಿಸುತ್ತಿದ್ದರು; ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಸಾವಿನ ವಾರ್ತೆಯ ಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿಯಿರಲಿಲ್ಲ. ಓದಿದೊಡನೆ ಹರಿದು ಹಾಕುತ್ತಿದ್ದರು. ಆದುದರಿಂದ ಆ ಪೆಟ್ಟಿಗೆಗಳಲ್ಲಿ ಸಿಕ್ಕುವ ಪತ್ರಗಳಲ್ಲಿ ಎಲ್ಲರೂ ಕ್ಷೇಮವಾಗಿಯೇ ಇರುವರು.